ಒಳ್ಳೆಯ ರಾಜನೊಬ್ಬ ಸಿಕ್ಕರೆ ಬಡ ದೇಶ ಮೇಲೇಳುತ್ತದೆಯೇ?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ನಮ್ಮ ಅಜ್ಜನಿಗೆ ತೊಂಬತ್ತು ದಾಟಿದೆ. ಊರಿನ ಹಳ್ಳಕ್ಕೆ ಮಂಜೂರಾದ ಕಿರುಸೇತುವೆ ಮೂರು ಮಳೆಗಾಲ ಕಳೆದರೂ ಮುಗಿದಿಲ್ಲ, ಮಕ್ಕಳು ಈಗಲೂ ಕಾಲುಸಂಕ ದಾಟಿಯೇ ಶಾಲೆಗೆ ಹೋಗುತ್ತಾರೆ. ಅದನ್ನು ಕಂಡಾಗಲೆಲ್ಲ ಅಜ್ಜ, ‘ಮಹಾರಾಜರ ಕಾಲದಲ್ಲಿ ಕನ್ನಂಬಾಡಿ ಕಟ್ಟಿದರು, ಈಗಿನವರ ಕೈಲಿ ಒಂದು ಮೋರಿ ಕಟ್ಟಲಿಕ್ಕಾಗುವುದಿಲ್ಲ’ ಎನ್ನುತ್ತಾರೆ. ಪಕ್ಕದ ಎಸ್ಟೇಟಿನ ವಾಚ್‌ಮನ್ ನೇಪಾಳದವನು. ರಾಜ ಹೋದ ಮೇಲೆ ತನ್ನ ದೇಶದಲ್ಲಿ ಸರ್ಕಾರಗಳು ಬದಲಾಗುತ್ತಿವೆಯೇ ಹೊರತು ಊರಿನಲ್ಲಿ ಕೆಲಸವೇನೂ ಹುಟ್ಟಲಿಲ್ಲ ಎಂಬುದು ಅವನ ದೂರು. ಮಸ್ಕತ್‌ನಲ್ಲಿರುವ ಚಿಕ್ಕಪ್ಪನ ಮಗ, ‘ದೊರೆ ಆಳುವ ದೇಶದ ರಸ್ತೆ ನೋಡು’ ಎಂದು ಫೋಟೋ ಕಳಿಸುತ್ತಾನೆ. ಪ್ರಜಾಪ್ರಭುತ್ವವೇ ಮೇಲು ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವನು ನಾನು, ಆದರೆ ಈ ಮೂವರಿಗೆ ಕೊಡಲು ನನ್ನಲ್ಲಿ ಉತ್ತರವಿಲ್ಲ. ಬಡ ದೇಶಕ್ಕೆ ಮೊದಲು ಗಟ್ಟಿ ರಾಜನೊಬ್ಬ ಬೇಕು, ಹೊಟ್ಟೆ ತುಂಬಿದ ಮೇಲೆ ಓಟು ಬಂದರೆ ಸಾಕು ಎನ್ನುವುದು ತಪ್ಪೇ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಬೇರೆ ಬೇರೆ ದೂರುಗಳು ಹೆಣೆದುಕೊಂಡಿವೆ. ಅಜ್ಜನ ನೆನಪು ಹಳೆಯ ಮೈಸೂರಿನದು, ವಾಚ್‌ಮನ್ನನ ನಿರಾಸೆ ನೇಪಾಳದ್ದು, ನಿಮ್ಮ ಸೋದರನ ಬೆರಗು ಒಮಾನಿನದು, ಸೇತುವೆಯ ಸಿಟ್ಟು ಮಾತ್ರ ನಿಮ್ಮ ಸ್ವಂತದ್ದು. ಹಾಸನ ಮತ್ತು ಚಿಕ್ಕಮಗಳೂರಿನ ಕಾಲೇಜುಗಳಲ್ಲಿ ರಾಜ್ಯಶಾಸ್ತ್ರ ಬೋಧಿಸಿದಷ್ಟು ಕಾಲವೂ ಈ ಪ್ರಶ್ನೆ ನನಗೆ ಎದುರಾಗಿದೆ. ಅದನ್ನು ಕೇಳುತ್ತಿದ್ದವರು ಸಾಮಾನ್ಯವಾಗಿ ತರಗತಿಯ ಚುರುಕು ವಿದ್ಯಾರ್ಥಿಗಳೇ ಆಗಿದ್ದರು. ಹಾಗಾಗಿ ನಿಮ್ಮ ಅನುಮಾನವನ್ನು ತಿಳಿವಳಿಕೆಯ ಕೊರತೆ ಎಂದು ನಾನು ಭಾವಿಸುವುದಿಲ್ಲ. ಕಿರೀಟದ ಮೇಲಿನ ಮೋಹಕ್ಕಿಂತ, ಕೆಲಸ ಆಗುತ್ತಿಲ್ಲ, ಯಾಕೆ ಆಗಲಿಲ್ಲವೆಂದು ಕೇಳಿದರೆ ಉತ್ತರ ಕೊಡುವವರೂ ಇಲ್ಲ ಎಂಬ ಸಂಕಟವೇ ಅದರ ಹಿಂದಿದೆ ಎಂದು ನನಗೆ ತೋರುತ್ತದೆ.

ಅಜ್ಜನ ವಾದ ಈ ಎಲ್ಲದರಲ್ಲಿ ಗಟ್ಟಿಯಾದದ್ದು, ಆದ್ದರಿಂದ ಅಲ್ಲಿಂದಲೇ ತೊಡಗುತ್ತೇನೆ. ಮೈಸೂರು ಸಂಸ್ಥಾನದ ಸಾಧನೆ ಬರಿಯ ದಂತಕಥೆಯಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ತಲುಪಿತು, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಉರಿಯಿತು. 1911ರಲ್ಲಿ ಕನ್ನಂಬಾಡಿಯ ಕೆಲಸ ಆರಂಭವಾಯಿತು. 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ, 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಬಂದವು. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ರಾಜರ್ಷಿ ಎಂಬ ಹೆಸರು ಸುಮ್ಮನೆ ಬರಲಿಲ್ಲ.

ಆದರೆ ಅದೇ ಮನೆತನದವರು ಅದೇ ಸಿಂಹಾಸನದಲ್ಲಿ ಕುಳಿತಿದ್ದಾಗ ನಡೆದ ಇನ್ನೊಂದು ಅಧ್ಯಾಯವೂ ಇದೆ, ಅದು ನಡೆದದ್ದು ನಿಮ್ಮ ಜಿಲ್ಲೆಯ ನೆಲದ ಮೇಲೂ ಹೌದು. 1811ರಲ್ಲಿ ದಿವಾನ್ ಪೂರ್ಣಯ್ಯ ಅಧಿಕಾರದಿಂದ ಸರಿದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ಇಪ್ಪತ್ತು ವರ್ಷ ನೇರವಾಗಿ ಆಳಿದರು. ಅವರು ಸಾಹಿತ್ಯ, ಸಂಗೀತಗಳ ದೊಡ್ಡ ಪೋಷಕರು, ಕೊಡುಗೈ ದೊರೆ. ಅತ್ತ 1799ರ ಒಪ್ಪಂದದಂತೆ ಈಸ್ಟ್ ಇಂಡಿಯಾ ಕಂಪನಿಗೆ ಪ್ರತಿ ವರ್ಷ 7 ಲಕ್ಷ ವರಹ ತೆರಬೇಕಿತ್ತು, ಇತ್ತ ಅರಮನೆಯ ಖರ್ಚಿಗೆ ಮಿತಿಯಿರಲಿಲ್ಲ. ಇಂತಿಷ್ಟು ಹಣ ತಂದುಕೊಡುತ್ತೇನೆಂದು ಅಮಲ್ದಾರನಿಂದ ಶರ್ತು ಬರೆಸಿಕೊಂಡು ತಾಲ್ಲೂಕನ್ನು ಅವನಿಗೆ ಒಪ್ಪಿಸುವ ಪದ್ಧತಿ ಬೆಳೆಯಿತು; ಒಪ್ಪಿಕೊಂಡ ಮೊತ್ತವನ್ನು ಅವನು ರೈತನನ್ನು ಹಿಂಡಿಯೇ ಹೊರಡಿಸಬೇಕಿತ್ತು. 1830ರಲ್ಲಿ ನಗರ ಸೀಮೆಯ (ಇಂದಿನ ಶಿವಮೊಗ್ಗ ಕಡೆಯ) ರೈತರು ಕೂಟ ಕಟ್ಟಿ ಕಂದಾಯ ನಿಲ್ಲಿಸಿದರು, ತರೀಕೆರೆಯ ಪಾಳೆಯಗಾರ ಮನೆತನವೂ ದಂಗೆಗೆ ಕೈಜೋಡಿಸಿತು. ಅದನ್ನೇ ಕಾರಣವಾಗಿಟ್ಟುಕೊಂಡು 1831ರಲ್ಲಿ ಬ್ರಿಟಿಷರು ಕಸಿದುಕೊಂಡ ಆಡಳಿತ ಅರಸು ಮನೆತನಕ್ಕೆ ಮರಳಿದ್ದು 1881ರಲ್ಲಿ. ಬ್ರಿಟಿಷರು ದೊರೆಯ ದೋಷವನ್ನು ಹಿಗ್ಗಿಸಿ ಹೇಳಿದರು ಎಂಬ ವಾದದಲ್ಲಿ ಹುರುಳಿದೆ. ಆದರೂ ಕಂದಾಯದ ಹೊರೆಗೆ ಸಿಕ್ಕಿದ್ದ ಮಲೆನಾಡಿನ ರೈತನಿಗೆ ತನ್ನ ದೂರನ್ನು ಮೇಲಕ್ಕೆ ಮುಟ್ಟಿಸಲು ದಂಗೆಯ ಹೊರತು ದಾರಿಯಿರಲಿಲ್ಲ ಎಂಬುದು ಅದರಿಂದ ಸುಳ್ಳಾಗುವುದಿಲ್ಲ.

ಹಾಗಾದರೆ 1831ಕ್ಕೂ 1911ಕ್ಕೂ ನಡುವೆ ಬದಲಾದದ್ದೇನು? ರಾಜರ ಗುಣ ಮಾತ್ರ ಎಂದು ಅಜ್ಜ ಹೇಳಬಹುದು. ನನ್ನ ಓದಿನ ಪ್ರಕಾರ ಬದಲಾದದ್ದು ರಾಜನನ್ನು ಸುತ್ತುವರಿದಿದ್ದ ಕಟ್ಟುಪಾಡು. 1881ರಲ್ಲಿ ಆಡಳಿತ ಮರಳಿಸುವಾಗ ಬ್ರಿಟಿಷರು ಹಲವು ಷರತ್ತು ಹಾಕಿದರು. ಆಡಳಿತ ವ್ಯವಸ್ಥೆಯನ್ನು ಮನಬಂದಂತೆ ಬದಲಿಸುವಂತಿರಲಿಲ್ಲ, ಅರಮನೆಯ ಖರ್ಚು ರಾಜ್ಯದ ಬೊಕ್ಕಸದಿಂದ ಬೇರೆಯಾಯಿತು, ದಿನನಿತ್ಯದ ಆಡಳಿತ ದಿವಾನರ ಕೈಗೆ ಬಂತು, ಇದೆಲ್ಲದರ ಮೇಲೆ ಬ್ರಿಟಿಷರ ಪ್ರತಿನಿಧಿಯಾದ ರೆಸಿಡೆಂಟನ ಕಣ್ಣಿತ್ತು. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ 144 ಸದಸ್ಯರೊಂದಿಗೆ ಆರಂಭವಾಯಿತು. ಮೊದಲು ಸರ್ಕಾರವೇ ಹೆಸರಿಸಿದ ಜಮೀನ್ದಾರರು, ವರ್ತಕರು ಅದರಲ್ಲಿದ್ದರು. 1891ರಿಂದ ಚುನಾವಣೆ ಬಂತು. 1907ರಲ್ಲಿ ಕಾನೂನು ರಚನೆಗಾಗಿ ನ್ಯಾಯವಿಧಾಯಕ ಸಭೆ ಸೇರಿಕೊಂಡಿತು. 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಬಲ ದೊರೆಯಿತು. ಆ ಸಭೆಯ ಅಧಿಕಾರ ಅಲ್ಪವೇ. ಆದರೆ ದಸರೆಯ ಸಮಯದಲ್ಲಿ ತಾಲ್ಲೂಕುಗಳ ಪ್ರತಿನಿಧಿಗಳು ತಮ್ಮ ಕಡೆಯ ಕೆರೆ ಏರಿ, ಬಾವಿ, ರಸ್ತೆಗಳ ಅಹವಾಲನ್ನು ಮುಂದಿಡುತ್ತಿದ್ದರು, ದಿವಾನರು ಎದ್ದು ನಿಂತು ವರ್ಷದ ಲೆಕ್ಕ ಒಪ್ಪಿಸುತ್ತಿದ್ದರು. ಮುಮ್ಮಡಿಯವರ ಕಾಲದಲ್ಲಿ ಇದು ಯಾವುದೂ ಇರಲಿಲ್ಲ.

ಅಂದರೆ ಅಜ್ಜ ಮೆಚ್ಚುವ ಮೈಸೂರು, ಕಡಿವಾಣವಿಲ್ಲದ ರಾಜನ ಮೈಸೂರಲ್ಲ. ಆ ಕಡಿವಾಣದಲ್ಲಿ ಒಂದು ಭಾಗ ಪರಕೀಯರದು, ಅದನ್ನು ನಾವು ಹೊಗಳಬೇಕಾಗಿಲ್ಲ. ಇನ್ನೊಂದು ಭಾಗ ಪ್ರಜೆಗಳದು, ಅದು ವರ್ಷದಿಂದ ವರ್ಷಕ್ಕೆ ಬಲಿಯುತ್ತ ಹೋಯಿತು. ತೋಟದ ಲೆಕ್ಕ ಬರೆಯುವ ರೈಟರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಆಳುಗಳ ಹಾಜರಿಯ ಚೆಕ್‌ರೋಲ್ ಪುಸ್ತಕವನ್ನು ಯಾರೂ ತೆರೆದು ನೋಡುವಂತಿಲ್ಲ ಎಂಬ ಏರ್ಪಾಡನ್ನು ನೀವು ಒಪ್ಪಲಾರಿರಿ, ಏಕೆಂದರೆ ಇವರ ನಂತರ ಬರುವ ರೈಟರು ಎಂಥವರೋ ನಿಮಗೆ ಗೊತ್ತಿಲ್ಲ. ರಾಜತ್ವದ ಮೂಲ ತೊಡಕು ಇದೇ. ನಾಲ್ವಡಿಯವರು 1895ರಲ್ಲಿ ಪಟ್ಟಕ್ಕೆ ಬಂದಾಗ ಹತ್ತರ ಹುಡುಗ. ಅವರ ಯೋಗ್ಯತೆಯನ್ನು ಯಾರೂ ಪರೀಕ್ಷಿಸಿ ಆರಿಸಲಿಲ್ಲ. ತಾಯಿ ಕೆಂಪನಂಜಮ್ಮಣ್ಣಿಯವರು 1902ರವರೆಗೆ ರಾಜ್ಯವನ್ನು ನೋಡಿಕೊಂಡರು, ಹುಡುಗನಿಗೆ ಒಳ್ಳೆಯ ಶಿಕ್ಷಣ ದೊರೆಯಿತು. ಅದು ಮೈಸೂರಿನ ಪುಣ್ಯ. ಒಂದು ದೇಶದ ಭವಿಷ್ಯವನ್ನು ಅಂಥ ಪುಣ್ಯಕ್ಕೆ ಬಿಡಬಹುದೇ ಎಂಬುದು ಪ್ರಶ್ನೆ.

ಹಳೇಬೀಡಿಗೆ ಹೋದಾಗಲೆಲ್ಲ ಶಿಲ್ಪವನ್ನಷ್ಟೇ ನೋಡಿ ಬರುತ್ತೇವೆ. ಅಲ್ಲಿಂದ ಆಳಿದ ಹೊಯ್ಸಳರ ರಾಜ್ಯವನ್ನು ಹದಿಮೂರನೆಯ ಶತಮಾನದಲ್ಲಿ ಸೋಮೇಶ್ವರ ತನ್ನ ಇಬ್ಬರು ಮಕ್ಕಳಿಗೆ ಹಂಚಿದ್ದನ್ನು, ಮೂರನೆಯ ನರಸಿಂಹ ದೋರಸಮುದ್ರದಲ್ಲಿ (ಇಂದಿನ ಹಳೇಬೀಡು), ರಾಮನಾಥ ದಕ್ಷಿಣದ ಕಣ್ಣನೂರಿನಲ್ಲಿ ಕುಳಿತು ಪರಸ್ಪರ ಕಾದಾಡಿದ್ದನ್ನು ಯಾವ ಮಾರ್ಗದರ್ಶಿಯೂ ಹೇಳುವುದಿಲ್ಲ. ಮೂರನೆಯ ಬಲ್ಲಾಳ ಎರಡನ್ನೂ ಒಂದುಗೂಡಿಸಿದ ಕೆಲವೇ ವರ್ಷಗಳಲ್ಲಿ, 1311ರಲ್ಲಿ, ಮಲ್ಲಿಕಾಫರನ ಸೈನ್ಯ ಬಾಗಿಲಿಗೆ ಬಂದಿತ್ತು.

ಅಜ್ಜನಿಗೆ ಇನ್ನೆರಡು ಸಂಗತಿಗಳನ್ನು ನೆನಪಿಸಿ. ಲಕ್ಕವಳ್ಳಿಯ ಭದ್ರಾ, ಗೊರೂರಿನ ಹೇಮಾವತಿ, ಬೇಲೂರಿನ ಯಗಚಿ, ಈ ಮೂರು ಅಣೆಕಟ್ಟುಗಳೂ ಎದ್ದು ನಿಂತದ್ದು ನಾವು ಮತ ಹಾಕಲು ತೊಡಗಿದ ಮೇಲೆ. (ಚಿಕ್ಕಮಗಳೂರು ಪಟ್ಟಣಕ್ಕೆ ರೈಲು ಮಾತ್ರ ರಾಜರ ಕಾಲದಲ್ಲೂ ಬರಲಿಲ್ಲ, ಪ್ರಜಾಪ್ರಭುತ್ವದಲ್ಲಿ ಬರಲು 2013 ಆಗಬೇಕಾಯಿತು. ಈ ವಿಷಯದಲ್ಲಿ ಇಬ್ಬರಿಗೂ ಅಂಕವಿಲ್ಲ.) ಎರಡನೆಯದು ಸ್ವಲ್ಪ ನೋಯಿಸುವ ಮಾತು: ‘ಆ ಕಾಲ ಚೆನ್ನಾಗಿತ್ತು’ ಎನ್ನುವ ಅಜ್ಜ ಯಾರ ಅಜ್ಜ? ಸಂಸ್ಥಾನದ ಸಭೆಗೆ ಮತ ಹಾಕುವ ಹಕ್ಕು ಬಹುಮಟ್ಟಿಗೆ ಕಂದಾಯ ಕಟ್ಟುವ ಶಕ್ತಿಗೆ, ಓದಿಗೆ ಅಂಟಿಕೊಂಡಿತ್ತು. ತೋಟದ ಕೂಲಿಕಾರರ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವರನ್ನು ಕೇಳಿದರೆ ನೆನಪು ಬೇರೆಯೇ ಇರುತ್ತದೆ. ತೋಟದ ಕಾರ್ಮಿಕರಿಗೆ ವಾಸದ ಮನೆ, ಆಸ್ಪತ್ರೆ, ಮಕ್ಕಳ ಪಾಲನೆಯ ಏರ್ಪಾಡುಗಳನ್ನು ಮಾಲೀಕರ ಹೊಣೆಯಾಗಿಸಿದ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಬಂದದ್ದು 1951ರಲ್ಲಿ, ಸ್ವತಂತ್ರ ಭಾರತದ ಸಂಸತ್ತಿನಿಂದ. ಗೇಣಿದಾರರಿಗೆ ಭೂಮಿ ದಕ್ಕಿದ್ದು ದೇವರಾಜ ಅರಸರ ಸರ್ಕಾರ ತಂದ, 1974ರಲ್ಲಿ ಜಾರಿಯಾದ ತಿದ್ದುಪಡಿಯಿಂದ. ಗೇಣಿದಾರನ ಕೈಯಲ್ಲಿ ಮತವಿರದಿದ್ದರೆ ಅದು ಆಗುತ್ತಿತ್ತೆಂದು ನನಗನ್ನಿಸುವುದಿಲ್ಲ. ಇಷ್ಟು ಒಳ್ಳೆಯ ಸಂಸ್ಥಾನದಲ್ಲಿದ್ದರೂ ಜನ 1938ರಲ್ಲಿ ಶಿವಪುರದಲ್ಲಿ ಧ್ವಜ ಹಾರಿಸಿದರು, ವಿದುರಾಶ್ವತ್ಥದಲ್ಲಿ ಗುಂಡಿಗೆ ಎದೆಯೊಡ್ಡಿದರು, 1947ರಲ್ಲಿ ‘ಮೈಸೂರು ಚಲೋ’ ನಡೆಸಿ ಜವಾಬ್ದಾರಿ ಸರ್ಕಾರವನ್ನು ಪಡೆದರು. ಆ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರು ಅಧಿಕಾರ ವಹಿಸಿಕೊಂಡರು.

ಒಂದು ಮಾತು ಸೇರಿಸಬೇಕು. ಬ್ರಿಟಿಷ್ ಭಾರತದ ಪಕ್ಕದಲ್ಲಿ ಐನೂರಕ್ಕೂ ಹೆಚ್ಚು ಸಂಸ್ಥಾನಗಳಿದ್ದವು. ಜನ ಇಂದಿಗೂ ಹೊಗಳುವುದು ಮೈಸೂರು, ಬರೋಡ, ತಿರುವಾಂಕೂರಿನಂಥ ಬೆರಳೆಣಿಕೆಯವನ್ನು. ನಮ್ಮದೇ ಬೀದರ್, ಕಲಬುರಗಿ, ರಾಯಚೂರುಗಳು ನಿಜಾಮರ ಆಳ್ವಿಕೆಯಲ್ಲಿದ್ದವು. ಆ ನಿಜಾಮರು ಜಗತ್ತಿನ ಅತಿ ಶ್ರೀಮಂತರಲ್ಲಿ ಒಬ್ಬರೆನಿಸಿಕೊಂಡಿದ್ದ ಕಾಲದಲ್ಲಿ ಅವರ ರಾಜ್ಯದ ತೆಲಂಗಾಣದ ರೈತರು ಜಮೀನ್ದಾರರ ವಿರುದ್ಧ ಆಯುಧ ಹಿಡಿದಿದ್ದರು. ಆ ಜಿಲ್ಲೆಗಳ ಹಿಂದುಳಿದಿರುವಿಕೆಗೆ ಪರಿಹಾರವಾಗಿ ಸಂವಿಧಾನಕ್ಕೆ 371(ಜೆ) ವಿಧಿಯನ್ನೇ ಸೇರಿಸಬೇಕಾಯಿತು. ರಾಜತ್ವವನ್ನು ತೂಗುವಾಗ ಮೈಸೂರನ್ನು ಮಾತ್ರ ತಕ್ಕಡಿಗಿಟ್ಟು ಹೈದರಾಬಾದನ್ನು ಕೆಳಗಿಳಿಸುವುದು ನ್ಯಾಯವಲ್ಲ.

ಈಗ ನೇಪಾಳ. ವಾಚ್‌ಮನ್ ಹೇಳುವ ಸಂಗತಿ ನಿಜ, ಅದಕ್ಕೆ ಅವನು ಕೊಡುವ ಕಾರಣ ಅರ್ಧ ಮಾತ್ರ ನಿಜ. 2008ರ ಮೇ ತಿಂಗಳಲ್ಲಿ ರಾಜತ್ವ ರದ್ದಾದ ಮೇಲೆ ಅಲ್ಲಿ ಹನ್ನೆರಡಕ್ಕೂ ಹೆಚ್ಚು ಬಾರಿ ಪ್ರಧಾನಿ ಬದಲಾದರು. ಅದೇ ಕೆಲವು ಹಿರಿಯ ಮುಖಂಡರು ಸರದಿಯಂತೆ ಕುರ್ಚಿ ಹಂಚಿಕೊಂಡರು. 2025ರ ಸೆಪ್ಟೆಂಬರಿನಲ್ಲಿ ಯುವಜನರು ಬೀದಿಗಿಳಿದು ಸರ್ಕಾರವನ್ನೇ ಉರುಳಿಸಿದ್ದಕ್ಕೆ ಈ ಬೇಸರವೂ ಒಂದು ಕಾರಣ. ಆದರೆ ದೇಶದ ಬಡತನದ ಬೇರು 2008ಕ್ಕಿಂತ ಬಹಳ ಆಳದಲ್ಲಿದೆ. 1846ರಿಂದ 1951ರವರೆಗೆ ರಾಣಾ ಮನೆತನದವರು ವಂಶಪಾರಂಪರ್ಯವಾಗಿ ಪ್ರಧಾನಿಗಳಾಗಿ ಆಳಿದರು, ಪ್ರಜೆಗಳು ಓದುವುದನ್ನೇ ಅಪಾಯವೆಂದು ಕಂಡರು. ಅವರ ಆಳ್ವಿಕೆ ಮುಗಿದಾಗ ನೂರಕ್ಕೆ ಸುಮಾರು ಐದು ಜನರಿಗೆ ಮಾತ್ರ ಅಕ್ಷರ ಬರುತ್ತಿತ್ತು. ದೇಶದ ಮೊದಲ ವಿಶ್ವವಿದ್ಯಾನಿಲಯ ಹುಟ್ಟಿದ್ದು 1959ರಲ್ಲಿ, ಮೈಸೂರಿಗಿಂತ ನಾಲ್ಕು ದಶಕಗಳ ಮೇಲೆ. ಮರುವರ್ಷ ರಾಜ ಮಹೇಂದ್ರ, ಚುನಾಯಿತರಾಗಿದ್ದ ಬಿ.ಪಿ. ಕೊಯಿರಾಲರ ಸರ್ಕಾರವನ್ನು ವಜಾ ಮಾಡಿ ಪಕ್ಷಗಳನ್ನು ನಿಷೇಧಿಸಿದ. ಅಲ್ಲಿಂದ 1990ರವರೆಗೆ ಅರಮನೆಯ ಮಾತೇ ಕೊನೆಯ ಮಾತಾಗಿತ್ತು. ಗಟ್ಟಿ ರಾಜನಿಂದ ದೇಶ ಉದ್ಧಾರವಾಗುವುದಾಗಿದ್ದರೆ ಆ ಮೂವತ್ತು ವರ್ಷ ಸಾಕಾಗಬೇಕಿತ್ತು. 2005ರಲ್ಲಿ ರಾಜ ಜ್ಞಾನೇಂದ್ರ ಮತ್ತೆ ಅಧಿಕಾರವನ್ನೆಲ್ಲ ಕೈಗೆ ತೆಗೆದುಕೊಂಡಾಗ ಮಾವೋವಾದಿಗಳ ಯುದ್ಧವೂ ನಿಲ್ಲಲಿಲ್ಲ, ಕೆಲಸವೂ ಹುಟ್ಟಲಿಲ್ಲ. ಹದಿನಾಲ್ಕು ತಿಂಗಳಲ್ಲಿ ಜನಾಂದೋಲನ ಅವರನ್ನು ಹಿಂದೆ ಸರಿಸಿತು. ಕೂಲಿಗಾಗಿ, ಸೈನ್ಯದ ಕೆಲಸಕ್ಕಾಗಿ ನೇಪಾಳದ ಯುವಕರು ಗಡಿ ದಾಟುವುದು ಗೂರ್ಖಾ ಪಡೆಗಳು ಹುಟ್ಟಿದ 1815ರಿಂದಲೂ ಇದೆ. ರಾಜನಿದ್ದಾಗಲೂ ಇತ್ತು.

ಆದರೂ ಆ ವಾಚ್‌ಮನ್ನನಿಗೆ ನಿಮ್ಮ ರಾಜ ಕೆಟ್ಟವನಾಗಿದ್ದ ಎಂದಷ್ಟೇ ಹೇಳಿದರೆ ಅದು ಉತ್ತರವಾಗುವುದಿಲ್ಲ. ನೇಪಾಳದ ಚುನಾವಣಾ ಪದ್ಧತಿಯಲ್ಲಿ ಯಾವ ಪಕ್ಷಕ್ಕೂ ಬಹುಮತ ಸುಲಭವಲ್ಲ. ಸಮ್ಮಿಶ್ರ ಸರ್ಕಾರ ಕಟ್ಟುವುದು, ಕೆಡವುವುದು ಅಲ್ಲಿ ಮುಖಂಡರ ಪೂರ್ಣಾವಧಿ ಉದ್ಯೋಗವಾಗಿತ್ತು. ಹೊರದೇಶದಲ್ಲಿ ದುಡಿಯುವವರು ಕಳಿಸುವ ಹಣ ರಾಷ್ಟ್ರೀಯ ಉತ್ಪನ್ನದ ಸುಮಾರು ನಾಲ್ಕನೆಯ ಒಂದು ಭಾಗದಷ್ಟಿರುವುದರಿಂದ, ಊರಿನಲ್ಲಿ ಕೆಲಸ ಹುಟ್ಟಿಸದಿದ್ದರೂ ಸರ್ಕಾರ ನಡೆದುಹೋಗುತ್ತದೆ. ಇವು ರಿಪೇರಿ ಮಾಡಬಹುದಾದ ದೋಷಗಳು. ಅದಕ್ಕೆ ಅರಮನೆಯನ್ನು ಮರಳಿ ತೆರೆಯಬೇಕಿಲ್ಲ.

ಒಮಾನಿನ ಉದಾಹರಣೆ ನಿಮ್ಮ ಸೋದರ ಊಹಿಸಿರುವುದಕ್ಕಿಂತ ಹೆಚ್ಚು ಕುತೂಹಲಕಾರಿ. ಅಲ್ಲಿಂದ ತೈಲ ರಫ್ತು ಆರಂಭವಾದದ್ದು 1967ರಲ್ಲಿ. ಆಗ ಆಳುತ್ತಿದ್ದ ಸುಲ್ತಾನ ಸಯೀದ್ ಬಿನ್ ತೈಮೂರ್ ಹಣ ಬಂದರೂ ಖರ್ಚು ಮಾಡಲು ಒಪ್ಪದ, ಬದಲಾವಣೆಗೆ ಹೆದರುವ ಮನುಷ್ಯ. 1970ರಲ್ಲಿ ಇಡೀ ದೇಶದಲ್ಲಿ ಇದ್ದದ್ದು ಮೂರು ಶಾಲೆ, ಸುಮಾರು ಹತ್ತು ಕಿಲೋಮೀಟರ್ ಡಾಂಬರು ರಸ್ತೆ. ಆ ವರ್ಷ ಮಗ ಕಾಬೂಸ್, ಬ್ರಿಟಿಷರ ಬೆಂಬಲದಿಂದ, ತಂದೆಯನ್ನು ಕೆಳಗಿಳಿಸಿ ಅದೇ ತೈಲದ ಹಣದಿಂದ ಶಾಲೆ, ಆಸ್ಪತ್ರೆ, ರಸ್ತೆಗಳನ್ನು ಕಟ್ಟಿದರು. ಮನೆತನವೂ ಬದಲಾಗಲಿಲ್ಲ, ಪದ್ಧತಿಯೂ ಬದಲಾಗಲಿಲ್ಲ. ವ್ಯಕ್ತಿ ಬದಲಾದದ್ದಕ್ಕೆ ದೇಶದ ಹಣೆಬರಹ ಬದಲಾಯಿತು. ತಂದೆ ಇನ್ನೂ ಇಪ್ಪತ್ತು ವರ್ಷ ಬದುಕಿ ಆಳಿದ್ದರೆ ಪ್ರಜೆಗಳು ಏನು ಮಾಡಬೇಕಿತ್ತು? ಅದಕ್ಕೆ ಆ ಪದ್ಧತಿಯಲ್ಲಿ ಉತ್ತರವಿಲ್ಲ. ಮಕ್ಕಳಿಲ್ಲದ ಕಾಬೂಸ್ 2020ರಲ್ಲಿ ತೀರಿಕೊಂಡಾಗ ಮುಂದಿನ ಸುಲ್ತಾನನ ಹೆಸರು ಮುಚ್ಚಿದ ಲಕೋಟೆಯೊಂದರಲ್ಲಿತ್ತು. ತೈಲವಿಲ್ಲದ ಕಡೆ ಹೇಗೆ ಎಂದು ತಿಳಿಯಲು ಆಫ್ರಿಕಾದ ಎಸ್ವಾಟಿನಿಯನ್ನು ನೋಡಿ. 1973ರಲ್ಲಿ ರಾಜ ಸಂವಿಧಾನವನ್ನು ರದ್ದು ಮಾಡಿದ ಆ ದೇಶದಲ್ಲಿ 1986ರಿಂದ ಅವನ ಮಗ ಆಳುತ್ತಿದ್ದಾನೆ. ಎಚ್‌ಐವಿ ಸೋಂಕಿನ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚು ಇರುವ ದೇಶಗಳಲ್ಲಿ ಅದು ಮೊದಲ ಸಾಲಿನದು.

ರಾಜನಿಗೆ ಸುದ್ದಿ ಮುಟ್ಟುವುದೇ ಇಲ್ಲ ಎಂಬುದು ಇನ್ನೊಂದು ಅಪಾಯ, ನನ್ನ ದೃಷ್ಟಿಯಲ್ಲಿ ಬಡ ದೇಶಕ್ಕೆ ಎಲ್ಲಕ್ಕಿಂತ ದೊಡ್ಡದು. 1973ರಲ್ಲಿ ಇಥಿಯೋಪಿಯದ ವೊಲ್ಲೊ ಪ್ರಾಂತ್ಯದಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದಾಗ ಚಕ್ರವರ್ತಿ ಹೈಲೆ ಸೆಲಾಸಿಯ ಆಡಳಿತ ಅದನ್ನು ಮುಚ್ಚಿಡಲು ನೋಡಿತು. ಮರುವರ್ಷ ಸೈನಿಕರು ಅವನನ್ನು ಇಳಿಸಿದರು. ಆ ಸೈನಿಕ ಆಡಳಿತದಲ್ಲೇ ಹತ್ತು ವರ್ಷಗಳ ಮೇಲೆ ಇನ್ನೂ ಭೀಕರವಾದ ಕ್ಷಾಮ ಬಂತು. ಚುನಾವಣೆ ಮತ್ತು ಸ್ವತಂತ್ರ ಪತ್ರಿಕೆಗಳಿರುವ ದೇಶದಲ್ಲಿ ದೊಡ್ಡ ಕ್ಷಾಮ ಸಂಭವಿಸಿಲ್ಲ ಎಂದು ಅಮರ್ತ್ಯ ಸೇನ್ ಹೇಳುವುದು ಇದನ್ನೆಲ್ಲ ಗಮನಿಸಿಯೇ. 1876–78ರ ಬರದಲ್ಲಿ, ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದ ಮೈಸೂರು ಸೀಮೆ ತನ್ನ ಜನರಲ್ಲಿ ಸುಮಾರು ಐದನೆಯ ಒಂದು ಭಾಗವನ್ನು ಕಳೆದುಕೊಂಡಿತು. 1943ರಲ್ಲಿ ಬಂಗಾಳದಲ್ಲಿ ಸುಮಾರು 30 ಲಕ್ಷ ಜನ ಸತ್ತರು. ಸ್ವಾತಂತ್ರ್ಯದ ನಂತರ 1966–67ರಲ್ಲಿ ಬಿಹಾರಕ್ಕೂ 1972–73ರಲ್ಲಿ ಮಹಾರಾಷ್ಟ್ರಕ್ಕೂ ಭೀಕರ ಬರ ಬಂದಿತು, ಆದರೆ ಅಂಥ ಸಾವಿನ ರಾಶಿ ಬೀಳಲಿಲ್ಲ. ಪತ್ರಿಕೆಗಳು ಬರೆದವು, ವಿರೋಧ ಪಕ್ಷಗಳು ಕೂಗಿದವು, ಮುಂದಿನ ಚುನಾವಣೆಯ ಹೆದರಿಕೆ ಇತ್ತು. ಸೇನರೇ ಹೇಳುವ ಇನ್ನೊಂದು ಮುಖವನ್ನು ಮರೆಮಾಚುವುದು ಸರಿಯಲ್ಲ: ಸುದ್ದಿಯಾಗುವ ಹಸಿವನ್ನು ತಡೆದ ನಮ್ಮ ಪ್ರಜಾಪ್ರಭುತ್ವ, ಸುದ್ದಿಯಾಗದೆ ದಿನವೂ ಮಕ್ಕಳನ್ನು ಸೊರಗಿಸುವ ಅಪೌಷ್ಟಿಕತೆಯ ಮುಂದೆ ದಶಕಗಟ್ಟಲೆ ಸೋತಿದೆ.

ಇದರ ಜೊತೆಗೆ ಒಂದು ಎಚ್ಚರ. ರಾಜನನ್ನು ಓಡಿಸಿದರೆ ಪ್ರಜಾಪ್ರಭುತ್ವ ತಾನಾಗಿಯೇ ಬರುವುದಿಲ್ಲ. ಈಜಿಪ್ಟ್ 1952ರಲ್ಲಿ, ಇರಾಕ್ 1958ರಲ್ಲಿ, ಲಿಬಿಯಾ 1969ರಲ್ಲಿ ಸಿಂಹಾಸನವನ್ನು ಕೆಡವಿದವು. ಅಲ್ಲಿ ಕುಳಿತವರು ಸೈನಿಕರು. ರಾಜನೂ ಬೇಡ, ಕೆಲಕಾಲ ಒಬ್ಬ ಬಿಗಿ ಕೈಯ ನಾಯಕ ಸಾಕು ಎನ್ನುವವರಿಗೆ ನಾನು ತೋರಿಸುವುದು ಈಕ್ವಟೋರಿಯಲ್ ಗಿನಿಯನ್ನು: 1979ರಲ್ಲಿ ಅಧಿಕಾರ ಹಿಡಿದವರು ಇಂದಿಗೂ ಇಳಿದಿಲ್ಲ, ತೈಲವಿದ್ದರೂ ಜನ ಬಡವರು, ಮಗ ಉಪಾಧ್ಯಕ್ಷ. ಕೆಲಕಾಲ ಎಂಬುದರ ಕೊನೆಯನ್ನು ನಿರ್ಧರಿಸುವವರು ಯಾರು ಎಂಬುದನ್ನು ಮೊದಲೇ ಗೊತ್ತುಮಾಡದಿದ್ದರೆ ಅದಕ್ಕೆ ಕೊನೆಯಿರುವುದಿಲ್ಲ.

ಇದಕ್ಕೆ ಎದುರಾಗಿ ಬೋಟ್ಸ್ವಾನ. 1966ರಲ್ಲಿ ಸ್ವತಂತ್ರವಾದಾಗ ಅದು ಜಗತ್ತಿನ ಅತಿ ಬಡ ದೇಶಗಳಲ್ಲಿ ಒಂದು. ಅದರ ಮೊದಲ ಅಧ್ಯಕ್ಷ ಸೆರೆಟ್ಸೆ ಖಾಮಾ ತನ್ನ ಬುಡಕಟ್ಟಿನ ಅರಸೊತ್ತಿಗೆಗೆ ವಾರಸುದಾರನಾಗಿದ್ದವನು. ಆ ಹಕ್ಕನ್ನು ಬಿಟ್ಟುಕೊಟ್ಟು ಮತ ಕೇಳಿ ಗೆದ್ದ. ವಜ್ರದ ನಿಕ್ಷೇಪ ಸಿಕ್ಕಾಗ ಅದರ ಒಡೆತನ ಯಾವ ಬುಡಕಟ್ಟಿನದೂ ಅಲ್ಲ, ರಾಷ್ಟ್ರದ್ದು ಎಂದು ಕಾನೂನಾಗಿತ್ತು. ನಿಯಮಿತ ಚುನಾವಣೆ ನಡೆಯುತ್ತ ಬಂದು, 2024ರಲ್ಲಿ ಸ್ವಾತಂತ್ರ್ಯದಿಂದಲೂ ಆಳುತ್ತಿದ್ದ ಪಕ್ಷ ಸೋತಾಗ ಅಧ್ಯಕ್ಷರು ಸೋಲೊಪ್ಪಿ ಅಧಿಕಾರ ಬಿಟ್ಟರು. ನಿರುದ್ಯೋಗ, ವಜ್ರದ ಮೇಲಿನ ಅತಿಯಾದ ಅವಲಂಬನೆ ಅಲ್ಲಿಯೂ ಇವೆ.

ಪ್ರಜಾಪ್ರಭುತ್ವದಿಂದ ಆರ್ಥಿಕ ಬೆಳವಣಿಗೆ ಹೆಚ್ಚುತ್ತದೆಯೇ ಎಂದು ಲೆಕ್ಕ ಹಾಕಿದವರಲ್ಲಿ ಬಹುಕಾಲ ಒಮ್ಮತವಿರಲಿಲ್ಲ. ಅರ್ಥಶಾಸ್ತ್ರಜ್ಞ ಡರೋನ್ ಅಸೆಮೊಗ್ಲು ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರಜಾಪ್ರಭುತ್ವಕ್ಕೆ ಹೊರಳಿದ ದೇಶದ ತಲಾ ಉತ್ಪನ್ನ ಇಪ್ಪತ್ತೈದು ವರ್ಷಗಳಲ್ಲಿ, ಹೊರಳದೆ ಇದ್ದಿದ್ದರೆ ಇರುತ್ತಿದ್ದುದಕ್ಕಿಂತ ಸುಮಾರು ಶೇ. 20ರಷ್ಟು ಹೆಚ್ಚಾಗುತ್ತದೆ. ಗಮನಿಸಿ, ಇಪ್ಪತ್ತೈದು ವರ್ಷ. ಐದು ವರ್ಷದಲ್ಲಿ ಪವಾಡವನ್ನು ನಿರೀಕ್ಷಿಸಿದವರಿಗೆ ನಿರಾಸೆ ಖಂಡಿತ. ಯುರೋಪಿನ, ಜಪಾನಿನ ರಾಜತ್ವಗಳು ಶ್ರೀಮಂತವಾಗಿವೆಯಲ್ಲ ಎಂದು ಯಾರಾದರೂ ಕೇಳಿದರೆ, ಅಲ್ಲಿನ ರಾಜರು ಆಳುವುದನ್ನು ಬಿಟ್ಟಿದ್ದರಿಂದಲೇ ಉಳಿದುಕೊಂಡರು ಎಂದು ಹೇಳಿ.

ಹಾಗೆಂದು ನಮ್ಮ ಪ್ರಜಾಪ್ರಭುತ್ವದ ವಕಾಲತ್ತು ವಹಿಸಿ ನಾನು ಇಲ್ಲಿ ನಿಂತಿಲ್ಲ. ಚುನಾವಣೆಯ ಖರ್ಚು ಮೇರೆ ಮೀರಿದೆ, ಗೆದ್ದವರು ಆ ಹಣವನ್ನು ಕಾಮಗಾರಿಗಳಲ್ಲೇ ಹುಡುಕುತ್ತಾರೆ. ಐದು ವರ್ಷದೊಳಗೆ ಕಣ್ಣಿಗೆ ಕಾಣದ ಕೆಲಸವನ್ನು ಯಾರೂ ಮುಟ್ಟುವುದಿಲ್ಲ. ತಂದೆಯ ಕ್ಷೇತ್ರ ಮಗನಿಗೆ, ಮಾವನದು ಸೊಸೆಗೆ ಎಂಬ ರೂಢಿ ಎಲ್ಲ ಪಕ್ಷಗಳಲ್ಲೂ ಬೇರುಬಿಟ್ಟಿದ್ದು, ರಾಜತ್ವದ ಅತಿ ಕೆಟ್ಟ ಗುಣವನ್ನು ನಾವು ಮತಪೆಟ್ಟಿಗೆಯ ಮೂಲಕ ಮನೆಗೆ ತಂದುಕೊಳ್ಳುತ್ತಿದ್ದೇವೆ. ಒಂದು ವ್ಯತ್ಯಾಸ ಮಾತ್ರ ಉಳಿದಿದೆ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ರೈತ ಮನೆಯಿಂದ ಬಂದ ಎಚ್.ಡಿ. ದೇವೇಗೌಡರು 1996ರಲ್ಲಿ ಪ್ರಧಾನಿಯಾದರು. 1999ರಲ್ಲಿ ಹಾಸನದ ಮತದಾರರೇ ಅವರನ್ನು ಸೋಲಿಸಿದರು, 2004ರಲ್ಲಿ ಅವರೇ ಮತ್ತೆ ಗೆಲ್ಲಿಸಿದರು. 1977ರಲ್ಲಿ ದೇಶ ತಿರಸ್ಕರಿಸಿದ್ದ ಇಂದಿರಾ ಗಾಂಧಿಯವರನ್ನು ಮರುವರ್ಷ ಚಿಕ್ಕಮಗಳೂರು ಲೋಕಸಭೆಗೆ ಕಳಿಸಿಕೊಟ್ಟಿತು. ಅದು ಸರಿಯೇ ತಪ್ಪೇ ಎಂದು ನಮ್ಮ ಜಿಲ್ಲೆಯ ಜಗುಲಿಗಳಲ್ಲಿ ಇಂದಿಗೂ ವಾದವಿದೆ. ತುರ್ತುಪರಿಸ್ಥಿತಿಯಂಥ ತಪ್ಪನ್ನೂ ಗುಂಡು ಹಾರಿಸದೆ ತಿದ್ದಿಕೊಳ್ಳಲು, ಬೇಕೆಂದರೆ ಕ್ಷಮಿಸಿಬಿಡಲು, ಮತದಾರನಿಗೆ ಒಂದು ದಾರಿಯಿತ್ತು.

ನಿಮ್ಮ ಸೇತುವೆಯ ವಿಷಯದಲ್ಲಿ ನನ್ನ ಅನುಮಾನವೆಂದರೆ, ಅಲ್ಲಿ ಪ್ರಜಾಪ್ರಭುತ್ವ ಹೆಚ್ಚಾಗಿಲ್ಲ, ಕಡಿಮೆಯಾಗಿದೆ. ಗ್ರಾಮ ಪಂಚಾಯತಿಯ ಮೇಲಿನ ಹಂತದ ಚುನಾಯಿತ ಸಂಸ್ಥೆಗಳಾದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ, ಅಧಿಕಾರಿಗಳೇ ಆಡಳಿತ ನೋಡಿಕೊಂಡರು. ಪಂಚಾಯತಿ ವ್ಯವಸ್ಥೆಗೆ ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ ದೇಶಕ್ಕೇ ಮಾದರಿಯಾಗಿದ್ದ ರಾಜ್ಯ ನಮ್ಮದು. ಸದ್ಯಕ್ಕೆ ನೀವು ಮಾಡಬಹುದಾದದ್ದು ಇಷ್ಟು. ಕಾಮಗಾರಿ ಯಾವ ಇಲಾಖೆಯದೆಂದು ಪಂಚಾಯತಿಯಲ್ಲಿ ವಿಚಾರಿಸಿ, ಆ ಇಲಾಖೆಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ; ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಅಂದಾಜುಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ, ಈವರೆಗೆ ಪಾವತಿಯಾದ ಬಿಲ್ಲು, ವಿಳಂಬಕ್ಕೆ ಗುತ್ತಿಗೆದಾರನಿಗೆ ವಿಧಿಸಿದ ದಂಡ, ಇವುಗಳ ಪ್ರತಿ ಕೇಳಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಮೇಲ್ಮನವಿ ಸಲ್ಲಿಸಬಹುದು. ಬಂದ ಪ್ರತಿಯನ್ನು ಗ್ರಾಮಸಭೆಯಲ್ಲಿ ಓದಿಸಿ. ಒಬ್ಬರೇ ಹೋಗಬೇಡಿ; ಶಾಲೆಗೆ ಮಕ್ಕಳನ್ನು ಕಳಿಸುವ ತಾಯಂದಿರು ಜೊತೆಗಿದ್ದರೆ ಅಧಿಕಾರಿಗಳ ಧಾಟಿಯೇ ಬೇರೆಯಾಗುತ್ತದೆ ಎಂಬುದನ್ನು ಕಂಡಿದ್ದೇನೆ.

ಕೊನೆಯದಾಗಿ, ಮೊದಲು ಹೊಟ್ಟೆ, ಆಮೇಲೆ ಓಟು ಎಂಬ ನಿಮ್ಮ ಪ್ರಶ್ನೆ. 1951ರ ಜನಗಣತಿಯ ಪ್ರಕಾರ ನಮ್ಮಲ್ಲಿ ಸಾಕ್ಷರರು ನೂರಕ್ಕೆ ಹದಿನೆಂಟು ಜನ ಮಾತ್ರ. ಆದರೂ ಆ ವರ್ಷವೇ ತೊಡಗಿದ ಮೊದಲ ಮಹಾಚುನಾವಣೆಯಲ್ಲಿ ವಯಸ್ಕರೆಲ್ಲರಿಗೂ ಮತ ಸಿಕ್ಕಿತು. ಹೊಟ್ಟೆ ತುಂಬುವವರೆಗೆ ಕಾಯಬೇಕೆಂದಿದ್ದರೆ, ಹೊಟ್ಟೆಯ ವಿಷಯವನ್ನು ಎತ್ತಬೇಕಾದವರೇ ಹೊರಗುಳಿಯುತ್ತಿದ್ದರು. ರಾಜ ಮೊದಲು, ಮತ ಆಮೇಲೆ ಎಂಬ ಕ್ರಮ ಚೆನ್ನಾಗಿ ನಡೆದ ಒಂದು ದೇಶವಿದೆ, ಅದನ್ನು ನಾನು ಮರೆಮಾಚುವುದಿಲ್ಲ: ಭೂತಾನ್. ಅಲ್ಲಿಯೂ ನೇಪಾಳಿ ಮಾತನಾಡುವ ಸುಮಾರು ಒಂದು ಲಕ್ಷ ಜನ 1990ರ ದಶಕದಲ್ಲಿ ನಿರಾಶ್ರಿತರಾಗಿ ಹೊರಬಿದ್ದರು, ಆಗ ಅವರ ಪರವಾಗಿ ಎದ್ದು ಕೇಳುವ ವಿರೋಧ ಪಕ್ಷ ಇರಲಿಲ್ಲ. ಆಮೇಲೆ ರಾಜ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ತಾವಾಗಿಯೇ ಸಂವಿಧಾನ ಬರೆಯಿಸಿ, 2006ರಲ್ಲಿ ಪಟ್ಟ ಬಿಟ್ಟರು. ಆ ಸಂವಿಧಾನದಲ್ಲಿ ರಾಜನಿಗೂ 65ಕ್ಕೆ ನಿವೃತ್ತಿಯಿದೆ, ಸಂಸತ್ತು ಮತ್ತು ಜನಮತ ಸೇರಿ ಅವನನ್ನು ಇಳಿಸುವ ದಾರಿಯಿದೆ. ಅಷ್ಟು ಒಳ್ಳೆಯ ರಾಜ, ತನ್ನ ಮಗನ ಮಗ ತನ್ನಂತೆಯೇ ಇರುತ್ತಾನೆಂಬ ಭರವಸೆಯ ಮೇಲೆ ದೇಶವನ್ನು ಬಿಟ್ಟುಹೋಗಲು ಒಪ್ಪಲಿಲ್ಲ. 2008, 2013, 2018 ಮತ್ತು 2023–24ರ ಚುನಾವಣೆಗಳಲ್ಲಿ ಅಲ್ಲಿ ಆಳುತ್ತಿದ್ದ ಪಕ್ಷ ಬೆನ್ನುಬೆನ್ನಿಗೆ ಎರಡನೆಯ ಸಲ ಗೆದ್ದದ್ದಿಲ್ಲ, ಪ್ರತಿ ಸಲವೂ ಅಧಿಕಾರ ಶಾಂತವಾಗಿ ಕೈಬದಲಾಗಿದೆ. ಯುವಕರು ಕೆಲಸ ಹುಡುಕಿಕೊಂಡು ಆಸ್ಟ್ರೇಲಿಯಾಕ್ಕೆ ಹೋಗುವುದು ಮಾತ್ರ ಅಲ್ಲಿಯೂ ನಿಂತಿಲ್ಲ. ಅದನ್ನೇ ಮುಂದಿಟ್ಟುಕೊಂಡು ಈಗ ಪಕ್ಷಗಳು ಮತ ಕೇಳುತ್ತಿವೆ.